ಮೂರು ದಾರಿಯ ಲಿಂಬೆಹಣ್ಣು

ನನ್ನ ಹಳೆಯ ಸಾಹೇಬರ ಮಣ್ಣಿಗೆ ಹೋದವರೆಲ್ಲ ಕೈಯಲ್ಲಿ ಒಂದೊಂದು ಬಾಟಲಿ ಉಪ್ಪಿನಕಾಯಿ ಹಿಡಿದುಕೊಂಡು ಮನೆಗೆ ಬಂದರು. ಇಂಥ ಶವಸಂಸ್ಕಾರವನ್ನು ನಾನಂತೂ ಕಂಡಿರಲಿಲ್ಲ. ಛತ್ರಪತಿ ಸಂಭಾಜಿನಗರದ ದಂಡು ಪ್ರದೇಶದ ಕ್ರೈಸ್ತರ ಸ್ಮಶಾನದಲ್ಲಿ ಪ್ರಾರ್ಥನೆ ಮುಗಿಯಿತು. ಹಿಡಿಮಣ್ಣು ಹಾಕಿ ಗೇಟಿನ ಹತ್ತಿರ ಬಂದರೆ ಅವರ ಹೆಂಡತಿ ಬೇವಿನ ಮರದ ಕೆಳಗೆ ಸ್ಟೂಲಿನ ಮೇಲೆ ಕೂತಿದ್ದರು, ಪಕ್ಕದಲ್ಲಿ ಎರಡು ರಟ್ಟಿನ ಪೆಟ್ಟಿಗೆ.

"ಅವರೇ ಹೇಳಿ ಹೋಗ್ಯಾರ, ಬಂದವರಿಗೆಲ್ಲ ಕೊಡು ಅಂತ. ಮನ್ಯಾಗ ನಲವತ್ತು ಬಾಟ್ಲಿ ಉಳದಾವ, ನಾ ಒಬ್ಬಾಕಿ ಏನ್ ಮಾಡ್ಲಿ?" ಅನ್ನುತ್ತ ಒಬ್ಬೊಬ್ಬರ ಕೈಗೂ ಒಂದೊಂದು ಇಡುತ್ತಿದ್ದರು. ಆಕೆ ನಾಸಿಕದ ಮರಾಠಿ ಹೆಣ್ಣುಮಗಳು. ಗಂಡನಿಂದ ಕಲಿತ ಬೀದರದ ಕನ್ನಡವನ್ನು ಗಂಡನಿಗಿಂತ ಗಟ್ಟಿಯಾಗಿ ಮಾತಾಡುತ್ತಾರೆ. ಸಾಲಿನಲ್ಲಿದ್ದ ಒಬ್ಬ ತರುಣ ಕಣ್ಣೊರೆಸಿಕೊಳ್ಳುತ್ತಲೇ, "ಕಾಕೂ, ಇದು ಯಾವ ಚೌಕದ್ದು?" ಎಂದು ಮರಾಠಿಯಲ್ಲಿ ಕೇಳಿಬಿಟ್ಟ. ಅಳುತ್ತಿದ್ದವರೂ ನಕ್ಕರು. ಪಾದ್ರಿಯವರು ಒಂದು ಕ್ಷಣ ತಡೆದುಕೊಂಡು ನೋಡಿದರು, ಆಮೇಲೆ ಅವರೂ ನಕ್ಕರು.

ನನ್ನ ಸರದಿ ಬಂದಾಗ ಆಕೆ ಪೆಟ್ಟಿಗೆಗೆ ಕೈ ಹಾಕಲಿಲ್ಲ. ಸೀರೆಯ ಮಡಿಲಲ್ಲಿಟ್ಟುಕೊಂಡಿದ್ದ ಒಂದು ಸಣ್ಣ ಭರಣಿ ತೆಗೆದು, "ಇದು ನಿಮ್ದು" ಅಂದರು. ಎಲ್ಲರಿಗೂ ಬಾಟಲಿ, ನನಗೊಬ್ಬನಿಗೇ ಭರಣಿ ಯಾಕೆ ಎಂಬುದನ್ನು ಹೇಳಲಿಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ.

ಹೆಸರು ಬೇಡ. ಇದ್ದಿದ್ದರೆ ಅವರೇ ಬೇಡ ಅನ್ನುತ್ತಿದ್ದರು. ಕಾಲನಿಯ ಮಕ್ಕಳು ಅವರನ್ನು ಲಿಂಬೂ ಕಾಕಾ ಎಂದು ಕರೆಯುತ್ತಿದ್ದರು, ನಮಗೂ ಅಷ್ಟು ಸಾಕು.

ಅವರನ್ನು ನಾನು ಮೊದಲು ನೋಡಿದ್ದು ನಾಸಿಕದಲ್ಲಿ, ಇಪ್ಪತ್ತಾರು ವರ್ಷದ ಹಿಂದೆ. ಕೇಂದ್ರ ಸರ್ಕಾರದ ಒಂದು ಕಚೇರಿಗೆ ನನಗೆ ಕಲಬುರ್ಗಿಯಿಂದ ವರ್ಗವಾಗಿತ್ತು. ಅವರು ಅಲ್ಲಿ ಆಡಳಿತ ವಿಭಾಗದ ಸೂಪರಿಂಟೆಂಡೆಂಟು. ಉದ್ದನೆಯ ಆಳು, ಕೊರಳಿನವರೆಗೂ ಗುಂಡಿ ಹಾಕಿದ ಬಿಳಿ ಅಂಗಿ, ಮೇಜಿನ ಮೇಲೆ ದಿಂಬಿನಷ್ಟು ದಪ್ಪದ ನಿಯಮಾವಳಿ ಪುಸ್ತಕ. ನನ್ನ ಹಾಜರಿ ಅರ್ಜಿಯನ್ನು ಮೇಲಿಂದ ಕೆಳಗೆ ಓದಿ, "ಎಲ್ಲಿಯವ್ರಿ?" ಅಂದರು.

"ಕಲಬುರ್ಗಿ ಕಡೆಯವ್ರಿ."

"ನಾ ಬೀದರದಾವ. ಕುಂದರ್ರಿ. ನಿಮ್ಮ ಅರ್ಜ್ಯಾಗ ಮೂರು ತಪ್ಪು ಹಾವ. ಚಾ ಕುಡ್ದು ಒಂದೊಂದೇ ನೋಡೋಣ."

ಅಂದಿನಿಂದ ಕೊನೆಯವರೆಗೆ ನಾನು ಅವರಿಗೆ "ಕಲಬುರ್ಗಿಯವ್ರು". ನನ್ನ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ ಎಂದು ನನಗೆ ಆಗಾಗ ಅನುಮಾನ ಬರುತ್ತಿತ್ತು.

ಈ ಚಹಾ ಹಿಂದೆ ಇರಲಿಲ್ಲ ಎಂದು ಹಳೆಯ ಜವಾನ ನನಗೆ ಆಮೇಲೆ ಗುಟ್ಟಾಗಿ ಹೇಳಿದ. ಮೊದಲು ಇವರು ಚಹಾ ಕೊಡುತ್ತಿರಲಿಲ್ಲವಂತೆ, ಬರೀ ಮೆಮೊ ಕೊಡುತ್ತಿದ್ದರಂತೆ. ಒಂದು ನಿಮಿಷ ತಡವಾದರೂ ಮೆಮೊ. ಪೆನ್ಸಿಲಿನಲ್ಲಿ ಸಹಿ ಮಾಡಿದರೆ ಮೆಮೊ. ಒಂದು ಸಲ ಗೋದಾವರಿಗೆ ನೆರೆ ಬಂದು ಸೇತುವೆ ಮುಚ್ಚಿದಾಗ ಸ್ವತಃ ಅವರೇ ಹನ್ನೊಂದು ನಿಮಿಷ ತಡವಾಗಿ ಬಂದರು. ಕೂತವರೇ ತಮಗೆ ತಾವೇ ಒಂದು ಮೆಮೊ ಟೈಪು ಮಾಡಿಸಿ, ಅದಕ್ಕೆ ತಾವೇ ವಿವರಣೆ ಬರೆದುಕೊಟ್ಟು, ಅದನ್ನು ತಾವೇ ಓದಿ, 'ವಿವರಣೆ ಸಮಾಧಾನಕರವಾಗಿಲ್ಲ' ಎಂದು ಷರಾ ಬರೆದು ಫೈಲಿಗೆ ಹಾಕಿದರು. ಇದನ್ನು ಹೇಳಿ ಜವಾನ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ನಾನು ನೋಡಿದ ಮನುಷ್ಯನಿಗೂ ಈ ಕತೆಯ ಮನುಷ್ಯನಿಗೂ ತಾಳೆಯೇ ಆಗುತ್ತಿರಲಿಲ್ಲ. ನಾನು ನೋಡಿದವರು ತಪ್ಪನ್ನು ಬಿಡುತ್ತಿರಲಿಲ್ಲ, ಆದರೆ ಮನುಷ್ಯನನ್ನು ಬಿಟ್ಟುಬಿಡುತ್ತಿದ್ದರು. ನಗುವಾಗ ಬಲಗೈಯನ್ನು ನೆತ್ತಿಯ ಮೇಲೆ ಇಟ್ಟುಕೊಳ್ಳುವುದು ಅವರ ಅಭ್ಯಾಸ. ಕಚೇರಿಯಲ್ಲಿ ದಿನಕ್ಕೆ ಹತ್ತು ಸಲವಾದರೂ ಆ ಕೈ ನೆತ್ತಿಗೆ ಹೋಗುತ್ತಿತ್ತು.

ನಮಗೆ ಮನೆ ಸಿಕ್ಕಿದ್ದು ಅವರ ಕಾಲನಿಯಲ್ಲೇ, ಅವರ ಮನೆಯಿಂದ ನಾಲ್ಕು ಮನೆ ಆಚೆ, ಮೊದಲ ಮಹಡಿಯಲ್ಲಿ. ಬಾಲ್ಕನಿಯ ಕೆಳಗೇ ಮೂರು ದಾರಿ ಕೂಡುತ್ತಿದ್ದವು. ಲಿಂಬೂ ಕಾಕಾ ಎಂಬ ಹೆಸರು ಯಾಕೆ ಬಂತೆಂದು ತಿಳಿದದ್ದು ಅಲ್ಲಿಗೆ ಹೋದ ಮೇಲೆ.

ಮನೆಯಲ್ಲಿ ಯಾರಿಗಾದರೂ ಜ್ವರ ಬಿಡದಿದ್ದರೆ, ಹೆದರಿಕೆಯಾಗಿದ್ದರೆ, ಯಾರದೋ ಶಾಪ ತಗುಲಿದೆ ಅನ್ನಿಸಿದರೆ ಲಿಂಬೆಹಣ್ಣನ್ನು ಅವರ ಸುತ್ತ ನಿವಾಳಿಸಿ, ಅರಿಶಿನ ಕುಂಕುಮ ಹಚ್ಚಿ, ಮುಸ್ಸಂಜೆಗೆ ಮೂರು ದಾರಿ ಕೂಡುವಲ್ಲಿ ಇಟ್ಟು ಬರುವುದು ನಮ್ಮ ಕಡೆಯೂ ಉಂಟು, ಅಲ್ಲಿಯೂ ಉಂಟು. ಮರಾಠಿಯಲ್ಲಿ ಅದಕ್ಕೆ ಉತಾರಾ ಅನ್ನುತ್ತಾರೆ. ಅದನ್ನು ಯಾರು ದಾಟುತ್ತಾರೋ, ಯಾರು ಮುಟ್ಟುತ್ತಾರೋ ಪೀಡೆ ಅವರ ಬೆನ್ನು ಹತ್ತುತ್ತದೆ. ಹಾಗಾಗಿ ಬೆಳಗಾದರೆ ಶಾಲೆಯ ಮಕ್ಕಳು, ಹಾಲಿನವರು, ವಾಕಿಂಗಿಗೆ ಹೊರಟ ನಿವೃತ್ತ ಕರ್ನಲ್ಲರು ಎಲ್ಲರೂ ಲಿಂಬೆಹಣ್ಣಿಗೆ ಗೌರವದಿಂದ ದಾರಿ ಬಿಟ್ಟು, ಗಟಾರದ ಅಂಚಿನಲ್ಲಿ ಸರ್ಕಸ್ ಮಾಡುತ್ತ ಹೋಗುತ್ತಿದ್ದರು. ಚರ್ಚಿಗೆ ಹೋಗುವವರೂ ಅಷ್ಟೇ. ಹೆದರಿಕೆಗೆ ಯಾವ ಧರ್ಮದ ಹಂಗೂ ಇಲ್ಲ.

ಲಿಂಬೂ ಕಾಕಾ ಮಾತ್ರ ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಬೆಳಗಿನ ಆರಕ್ಕೆ ಬರುತ್ತಿದ್ದರು. ಲಿಂಬೆಹಣ್ಣಿನ ಮುಂದೆ ನಿಲ್ಲುತ್ತಿದ್ದರು. ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು. ಆಮೇಲೆ ಬಗ್ಗಿ ಅದನ್ನೆತ್ತಿ, ಅಂಗಡಿಯಲ್ಲಿ ಆರಿಸುವವರಂತೆ ಒಂದು ಸಲ ಹಿಚುಕಿ ನೋಡಿ, ಚೀಲಕ್ಕೆ ಹಾಕುತ್ತಿದ್ದರು. ಮನೆಗೆ ಹೋಗಿ ಉಪ್ಪಿನಕಾಯಿ ಹಾಕುತ್ತಿದ್ದರು. ತೆಂಗಿನಕಾಯಿ ಮುಟ್ಟುತ್ತಿರಲಿಲ್ಲ, ಅನ್ನ ಮುಟ್ಟುತ್ತಿರಲಿಲ್ಲ, ಲಿಂಬೆಹಣ್ಣೊಂದೇ. ಅವರ ಅಡುಗೆಮನೆಯ ಮಾಡದಲ್ಲಿ ಭರಣಿಗಳ ಸಾಲೇ ಇತ್ತು. ಪ್ರತಿಯೊಂದಕ್ಕೂ ಆಫೀಸಿನ ಅಕ್ಷರದಲ್ಲಿ ಒಂದು ಚೀಟಿ: 'ಹಾಲಿನ ಡೇರಿ ಮೂಲೆ. ಯಾರದೋ ಗೊತ್ತಿಲ್ಲ.' 'ಶರಣಪುರ ರಸ್ತೆ. ಬಾಣಂತಿ. ಆರಾಮ ಆಗ್ಯಾಳ.' 'ಶಾಲೆಯ ಹಿಂದೆ. ಪರೀಕ್ಷೆ. ನಪಾಸು, ಮತ್ತೆ ಕೂಡ್ತಾನ.'

ಇದನ್ನು ಮೊದಲ ಸಲ ನೋಡಿದ ದಿನ ನನ್ನ ಹೆಂಡತಿ ಮನೆಯ ಬಾಗಿಲಿಗೆ ಎರಡು ಚಿಲಕ ಹಾಕಿದಳು. "ಅವರ ಮನ್ಯಾಗ ಉಣ್ಣಬ್ಯಾಡ್ರಿ. ಚಾ ಕುಡೀರಿ ಬೇಕಾದ್ರ, ಉಣ್ಣಬ್ಯಾಡ್ರಿ" ಅಂದಳು.

ನಾನು ಒಂದು ದಿನ ಕೇಳಿಯೇಬಿಟ್ಟೆ. "ಸಾಹೇಬ್ರೇ, ಹೆದರಿಕಿ ಆಗಂಗಿಲ್ಲೇನ್ರಿ?"

"ಆಗ್ತಿತ್ತು. ನಿಮಗಿಂತ ಹತ್ತು ಪಟ್ಟು ಆಗ್ತಿತ್ತು" ಅಂದರು. ಆಮೇಲೆ, ಸ್ಕೂಟರಿಗೆ ಒರಗಿ ನಿಂತು, ತಮ್ಮ ಅಪ್ಪನ ಗೋಡೆಯ ಕತೆ ಹೇಳಿದರು.

ಅವರ ಅಪ್ಪ ಬೀದರದ ಹತ್ತಿರದ ಹಳ್ಳಿಯೊಂದರಲ್ಲಿ ಚರ್ಚಿನ ಸಭೆಯ ಹಿರಿಯರು. ಮನೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ದೇವರ ಆಜ್ಞೆಗಳನ್ನು ಬರೆಸಿದ್ದರು. ಅದರ ಕೆಳಗೆ ತಮ್ಮವೂ ಇಪ್ಪತ್ತು ಸೇರಿಸಿದ್ದರು. ಭಾನುವಾರ ಒಲೆ ಹಚ್ಚಬಾರದು, ಬಸ್ಸು ಹತ್ತಬಾರದು, ಚೆಂಡು ಮುಟ್ಟಬಾರದು. ಹದಿನೇಳನೆಯ ವಯಸ್ಸಿನಲ್ಲಿ ಇವರು ಒಂದು ಭಾನುವಾರ ಕದ್ದು ಬಸ್ಸು ಹತ್ತಿ ಬೀದರಕ್ಕೆ ಸಿನಿಮಾ ನೋಡಲು ಹೋದರು. ಸಂಜೆ ಮರಳಿ ಬಂದರೆ ಅಂಗಳದಲ್ಲಿ ಜನ. ತಮ್ಮನಿಗೆ ಹಾವು ಕಚ್ಚಿತ್ತು, ಜೀವ ಹೋಗಿತ್ತು.

"ಅಪ್ಪ ಬೈಲಿಲ್ರಿ. ಹೊಡೀಲಿಲ್ಲ. ಗೋಡಿ ಕಡೆ ಬೆರಳು ಮಾಡಿ ತೋರ್ಸಿದ, ಅಷ್ಟೇ. ಆ ಬೆರಳು ಇಪ್ಪತ್ತು ವರ್ಷ ನನ್ನ ಬೆನ್ನು ಹತ್ತಿತ್ತು. ನೌಕರಿಗೆ ಬಂದ್ಮ್ಯಾಲ ನಾನೇ ಆ ಬೆರಳಾದೆ. ಜವಾನ ನಿಮಗ ನನ್ನ ಮೆಮೊ ಕತಿ ಹೇಳ್ಯಾನಿಲ್ಲೋ?"

"ಹೇಳ್ಯಾನ್ರಿ."

"ಅದು ನಗೋ ಕತಿ ಅಲ್ಲ. ಖರೇನೇ ನನಗ ನನ್ನ ವಿವರಣೆ ಸಮಾಧಾನ ಆಗ್ತಿರಲಿಲ್ಲ." ಹೀಗಂದು ಅವರೇ ನಕ್ಕರು, ಕೈ ನೆತ್ತಿಗೆ ಹೋಯಿತು.

ಅವರನ್ನು ಬಿಡಿಸಿದವರು ಅವರ ಹೆಂಡತಿ. ಮದುವೆಯಾಗಿ ಹತ್ತು ವರ್ಷವಾಗಿದ್ದಿರಬೇಕು. ಒಂದು ಶುಭ ಶುಕ್ರವಾರ ನಾಸಿಕದ ಚರ್ಚಿನಲ್ಲಿ ಮೂರು ತಾಸಿನ ಮರಾಠಿ ಪ್ರವಚನ. ಕಾನೂನು ಮುರಿದವನ ಮೇಲೆ ಬೀಳಬೇಕಾದ ಶಾಪವನ್ನು ಯೇಸು ಶಿಲುಬೆಯ ಮೇಲೆ ತಾನೇ ಮೈಮೇಲೆ ಎಳೆದುಕೊಂಡ, ಅದನ್ನು ನಂಬಿದವನ ಮೇಲೆ ಇನ್ನು ಯಾವ ಶಾಪವೂ ಬಾಕಿ ಇಲ್ಲ ಎಂಬುದು ಪಾದ್ರಿಯ ಮಾತು. ಇದನ್ನು ಹುಟ್ಟಿದಾಗಿನಿಂದ ಸಾವಿರ ಸಲ ಕೇಳಿದ್ದ ಇವರು ಎಂದಿನಂತೆ ತಲೆ ತಗ್ಗಿಸಿಕೊಂಡು ಹೊರಗೆ ಬಂದರು. ಹೆಂಡತಿ ರಸ್ತೆಯಲ್ಲೇ ತಡೆದು ನಿಲ್ಲಿಸಿದರು. "ಅಹೋ, ಮಳೆ ಎಂದೋ ಹೊಯ್ದು ನಿಂತದ. ನೀವೊಬ್ರೇ ಯಾಕ ಇನ್ನಾ ಛತ್ರಿ ಹಿಡ್ಕೊಂಡು ಅಡ್ಡಾಡ್ತೀರಿ?" ಅಂದರಂತೆ.

"ಪಾದ್ರಿ ಮೂರು ತಾಸು ಹೇಳಿದ್ದು ತಿಳೀಲಿಲ್ರಿ. ಈಕಿ ಹೇಳಿದ್ದು ತಿಳೀತು. ಅಲ್ಲೇ ಮುಂದ ಮೂರು ದಾರಿ ಕೂಡೋ ಕಡೆ ಒಂದು ಲಿಂಬಿಹಣ್ಣು ಬಿದ್ದಿತ್ತು. ಅಲ್ಲೀವರೆಗೆ ನಾ ಅದನ್ನ ಕಂಡ್ರ ಅರ್ಧ ಮೈಲು ಸುತ್ತು ಹಾಕ್ಕೊಂಡು ಹೋಗಾವ. ಅವತ್ತು ನಿಂತೆ. ನನ್ನ ಮ್ಯಾಲ ಬೀಳಬೇಕಾದ್ದೇ ಬೀಳೋದಿಲ್ಲ ಅಂತಾದ್ರ, ಇದು ಯಾರದೋ ಮನೀದು, ಇದು ಏನ್ ಬೀಳ್ತದ? ಬಗ್ಗಿದೆ, ಎತ್ತಿಕೊಂಡೆ. ಈಕಿ ಅಂದ್ಲು, ಎತ್ತಿಕೊಂಡಿದ್ದು ಛಲೋ ಆಯ್ತು, ಆದ್ರ ತೊಳೀಬೇಕು."

ನಂಬುವುದೆಂದರೆ ಇಷ್ಟೇ ಎಂದು ಅವರ ವಾದ. ಹಾಡು ಹೇಳುವುದಲ್ಲ, ಭಾಷಣ ಮಾಡುವುದಲ್ಲ. ಎತ್ತಿಕೊಳ್ಳುವುದು, ತೊಳೆಯುವುದು, ಊಟಕ್ಕೆ ಹಚ್ಚಿಕೊಳ್ಳುವುದು. ಹಾಗೆಂದು ಇಟ್ಟವರನ್ನು ಅವರು ಎಂದೂ ಹೀಯಾಳಿಸಿದವರಲ್ಲ. ನಾನೊಮ್ಮೆ ಅವರನ್ನು ಮೆಚ್ಚಿಸಲೆಂದು, "ಮೂಢನಂಬಿಕೆ ನೋಡ್ರಿ" ಅಂದೆ. ಅವರು ಮುಖ ಗಂಟಿಕ್ಕಿದರು. "ಲಿಂಬಿಹಣ್ಣಿನ್ಯಾಗ ಏನೂ ಇಲ್ಲ, ಖರೆ. ಆದ್ರ ಅದನ್ನ ಇಟ್ಟ ಮನ್ಯಾಗ ಯಾರೋ ನಿದ್ದಿ ಇಲ್ದೆ ಕುಂತಿರ್ತಾರ, ಅದು ಸುಳ್ಳಲ್ಲ" ಅಂದರು. ಎತ್ತುವ ಮುಂಚೆ ಕಣ್ಣು ಮುಚ್ಚುತ್ತಿದ್ದದ್ದು ಆ ಮನೆಯವರಿಗಾಗಿ. ಆಮೇಲೆ ಅದು ಯಾರ ಮನೆಯದೆಂದು ಮೆಲ್ಲಗೆ ವಿಚಾರಿಸಿ, ಏನೋ ನೆವ ಮಾಡಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ಹಣ್ಣು ಒಯ್ಯುತ್ತಿದ್ದರು, ಒಳ್ಳೆ ಡಾಕ್ಟರ ಹೆಸರು ಹೇಳುತ್ತಿದ್ದರು.

ಇಷ್ಟೆಲ್ಲ ಕೇಳಿ ತಲೆಯಾಡಿಸಿದ ನಾನೇ, ಮುಂದೆ ಮೂರು ತಿಂಗಳಿಗೆ, ಅದೇ ಮೂರು ದಾರಿಯಲ್ಲಿ ಒಂದು ಲಿಂಬೆಹಣ್ಣು ಇಟ್ಟೆ.

ನಮ್ಮ ಮಗಳಿಗೆ ಆಗ ನಾಲ್ಕು ವರ್ಷ. ಜ್ವರ ಆರನೆಯ ದಿನಕ್ಕೆ ಬಂದಿತ್ತು. ಹತ್ತಿರದ ಡಾಕ್ಟರು ಕೊಟ್ಟ ಸಿರಪ್ಪಿಗೆ ಜಗ್ಗಿರಲಿಲ್ಲ. ನನ್ನ ಹೆಂಡತಿ ಹತ್ತು ನಿಮಿಷಕ್ಕೊಮ್ಮೆ ಥರ್ಮಾಮೀಟರ್ ಇಡುತ್ತಿದ್ದಳು. ಅಷ್ಟರಲ್ಲಿ ಕಲಬುರ್ಗಿಯಿಂದ ನಮ್ಮವ್ವನ ಫೋನು. ಆ ವರ್ಷ ನಾವು ಮನೆದೇವರಿಗೆ ಹೋಗಿರಲಿಲ್ಲ, ಒಂದು ಸೋಮವಾರದ ಉಪವಾಸವನ್ನೂ ಪ್ರಯಾಣದಲ್ಲಿ ಮುರಿದಿದ್ದೆವು. "ನೇಮ ತಪ್ಪಿದ್ರ ಸುಮ್ಮನ ಬಿಡ್ತದೇನ? ಕೂಸಿಗೆ ನಿವಾಳಿಸಿ ಮೂರು ದಾರಿಗೆ ಇಟ್ಟು ಬಾ. ಹಿಂದ ತಿರುಗಿ ನೋಡಬ್ಯಾಡ. ಯಾರರೆ ದಾಟಿದ್ರ, ಮುಟ್ಟಿದ್ರ ಅವರ ಸಂಗಾಟ ಹೋಗಿಬಿಡ್ತದ" ಅಂದಳು.

ಮನೆಯಲ್ಲಿ ದಾರ ಸಿಗಲಿಲ್ಲ. ಲಿಂಬೆಹಣ್ಣನ್ನು ಬಟ್ಟೆಯ ಚೂರಿನಲ್ಲಿ ಸುತ್ತಿ, ಆಫೀಸಿನಿಂದ ತಂದಿದ್ದ ಫೈಲಿನ ಕೆಂಪು ಲಾಡಿಯಿಂದ ಕಟ್ಟಿದೆ. ಮನೆಯಿಂದ ದೂರ ಇಡಬೇಕು ಎಂಬುದು ನಿಯಮ. ನಾನು ಬಾಲ್ಕನಿಯಿಂದ ಕಾಣುವಲ್ಲೇ ಇಟ್ಟೆ. ಯಾರಾದರೂ ಅದನ್ನು ದಾಟುತ್ತಾರೋ ಇಲ್ಲವೋ ನನಗೆ ನೋಡಬೇಕಿತ್ತು.

ಬೆಳಗಿನ ಆರಕ್ಕೆ ಬಾಲ್ಕನಿಯ ಬಾಗಿಲಿನ ಪರದೆಯ ಹಿಂದೆ ನಿಂತಿದ್ದೆ. ಹಾಲಿನವನು ಸುತ್ತು ಹಾಕಿ ಹೋದ. ಕರ್ನಲ್ಲರು ಗಟಾರದ ಅಂಚು ಹಿಡಿದರು. ಆಮೇಲೆ ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಅವರು ಬಂದರು. ನಿಂತರು. ಕಣ್ಣು ಮುಚ್ಚಿದರು, ಎಂದಿಗಿಂತ ಹೆಚ್ಚು ಹೊತ್ತು. ಆಮೇಲೆ ತಲೆಯೆತ್ತಿ ಒಂದು ಸಲ ಮೇಲೆ ನೋಡಿದರು.

ನಾನು ಕೂಗಬಹುದಿತ್ತು. ಸಾಹೇಬ್ರೇ, ಅದು ನಮ್ದು, ಮುಟ್ಟಬ್ಯಾಡ್ರಿ ಎಂದು ಹೇಳಲು ಒಂದು ಉಸಿರು ಸಾಕಿತ್ತು. ಕೂಗಲಿಲ್ಲ. ಒಳಗೆ ಕೂಸು ನರಳುತ್ತಿತ್ತು. ಎತ್ತಿಕೊಳ್ಳಲಿ, ಅವರ ಸಂಗಡವೇ ಹೋಗಲಿ ಎಂದು ಬೇಡಿಕೊಂಡೆ. ನನಗೆ ಚಹಾ ಕೊಟ್ಟವರ ಮೇಲೆ, ನನ್ನ ತಪ್ಪು ತಿದ್ದಿದವರ ಮೇಲೆ, ಹೋಗಲಿ ಎಂದೆ. ಅವರು ಬಗ್ಗಿದರು, ಎತ್ತಿಕೊಂಡರು, ಚೀಲಕ್ಕೆ ಹಾಕಿಕೊಂಡು ಹೋದರು.

ಒಂಬತ್ತು ಗಂಟೆಗೆ ಅವರೇ ನಮ್ಮ ಬಾಗಿಲು ತಟ್ಟಿದರು. "ಕೂಸಿಗೆ ಆರಾಮಿಲ್ಲಂತ?" ಅಂದರು. ನಮ್ಮ ಮನೆಯ ಕ್ಯಾಲೆಂಡರಿನ ಪಕ್ಕ ನಮ್ಮವ್ವ ಬರೆಸಿದ ಪಟ್ಟಿ ಇತ್ತು. ಸೋಮವಾರ ಇದು ಕೂಡದು, ಗುರುವಾರ ಅದು ಕೂಡದು, ಶನಿವಾರ ಎಣ್ಣೆ ತರಕೂಡದು. ಅದನ್ನು ಓದಿ, "ನಮ್ಮಪ್ಪಂದು ಇದರ ದುಪ್ಪಟ್ಟು ಇತ್ತು ಬಿಡ್ರಿ" ಅಂದರು. ಆಮೇಲೆ ನನ್ನ ಹೆಂಡತಿಯ ಕೈಯಿಂದ ಥರ್ಮಾಮೀಟರ್ ಮೆಲ್ಲಗೆ ತೆಗೆದುಕೊಂಡರು. "ತಂಗೀ, ಇದು ಜ್ವರ ಎಷ್ಟದ ಅಂತ ತೋರಸ್ತದ. ನೂರು ಸಲ ಇಟ್ರೂ ಇಳಸಂಗಿಲ್ಲ. ಮದ್ದು ಬ್ಯಾರೇನೇ ಬೇಕು. ನಡೀರಿ" ಅಂದರು.

ಅವರ ಸ್ಕೂಟರಿನಲ್ಲಿ, ಮಗಳನ್ನು ನಮ್ಮಿಬ್ಬರ ನಡುವೆ ಕೂಡಿಸಿಕೊಂಡು, ಮಕ್ಕಳ ಡಾಕ್ಟರರ ಹತ್ತಿರ ಹೋದೆವು. ಟೈಫಾಯ್ಡ್. ಔಷಧಿ ಬದಲಾಯಿತು. ದಾರಿಯುದ್ದಕ್ಕೂ ನಾನು ಅವರ ಬೆನ್ನನ್ನೇ ನೋಡುತ್ತ ಕೂತಿದ್ದೆ.

ಮೂರನೆಯ ದಿನ ಮಗಳ ಜ್ವರ ಇಳಿಯಿತು. ಗಂಜಿ ಬೇಡ, ಪಾವ್ ಬೇಕು ಎಂದು ಹಟ ಹಿಡಿದಳು. ನನ್ನ ಹೆಂಡತಿ ಕುಣಿದಾಡುವುದೊಂದು ಬಾಕಿ. ಅದೇ ಮಧ್ಯಾಹ್ನ ಕಚೇರಿಯಲ್ಲಿ ಅವರು ಹೊಟ್ಟೆ ಹಿಡಿದುಕೊಂಡು ಮೇಜಿನ ಮೇಲೆ ಬಿದ್ದರು.

ಅಪೆಂಡಿಕ್ಸ್ ಒಡೆದಿತ್ತು. ಎರಡು ದಿನ ಏನೂ ಹೇಳಲಾಗದು ಎಂದರು ಡಾಕ್ಟರು. ಆ ಎರಡು ದಿನ ನಾನು ಅನ್ನ ಬಿಟ್ಟೆ. ಹೆಂಡತಿಗೆ ಏನೂ ಹೇಳಲಿಲ್ಲ. ಮಗಳು ನಕ್ಕರೆ ಮುಖ ತಿರುಗಿಸಿ ಆಚೆ ಹೋಗುತ್ತಿದ್ದೆ. ನಾನೊಬ್ಬ ಕೊಲೆಗಾರ ಎಂದೇ ನಂಬಿಬಿಟ್ಟೆ.

ಅವರು ಬದುಕಿದರು. ಹೇಗೆ ಬದುಕಿದರೆಂದರೆ, ನಾಲ್ಕನೆಯ ದಿನ ಅವರ ಪರವಾಗಿ ನಾನು ಬರೆದ ರಜೆ ಅರ್ಜಿಯನ್ನು ಮಲಗಿದಲ್ಲೇ ಓದಿ, "ಕಲಬುರ್ಗಿಯವ್ರೇ, ಎರಡು ತಪ್ಪು ಹಾವ. ಸುಧಾರಿಸೀರಿ, ಮೊದಲು ಮೂರು ಇರ್ತಿದ್ವು" ಅಂದರು. ನಗಲು ಹೋಗಿ ಹೊಲಿಗೆ ಜಗ್ಗಿ ಅಯ್ಯೋ ಎಂದರು. ಅವರ ಹೆಂಡತಿ ಇಬ್ಬರನ್ನೂ ಬೈದರು. ನಾನು ಹೊರಡದೆ ನಿಂತೇ ಇದ್ದುದನ್ನು ನೋಡಿ ಸಾಹೇಬರು, "ಏನರೆ ಹೇಳೋದಿತ್ತೇನ್ರಿ?" ಅಂದರು.

"ಇಲ್ರಿ" ಅಂದೆ.

ಆ ಒಂದು 'ಇಲ್ರಿ' ಮುಂದೆ ಇಪ್ಪತ್ತೈದು ವರ್ಷ ಎಳೆಯಿತು. ಅವರಿಗೆ ಬಡ್ತಿ ಬಂದು ಔರಂಗಾಬಾದಿಗೆ ಹೋದರು, ಅಲ್ಲೇ ನಿವೃತ್ತರಾಗಿ ಅಲ್ಲೇ ಮನೆ ಮಾಡಿದರು. ಎಂಟು ವರ್ಷದ ನಂತರ ನನಗೂ ಅಲ್ಲಿಗೇ ವರ್ಗವಾಯಿತು. ಈಗ ಊರಿನ ಹೆಸರು ಛತ್ರಪತಿ ಸಂಭಾಜಿನಗರ ಎಂದು ಬದಲಾಗಿದೆ, ನಳಕ್ಕೆ ನೀರು ಬರುವ ದಿನ ಮಾತ್ರ ಬದಲಾಗಿಲ್ಲ. ನೀರಿಗೆ ಬರವಿದ್ದರೂ ಆ ಊರಿನ ಚೌಕಗಳಲ್ಲಿ ಲಿಂಬೆಹಣ್ಣಿಗೆ ಬರವಿರಲಿಲ್ಲ. ಅವರ ಭರಣಿಗಳು ಬಾಟಲಿಗಳಾಗಿ ಬೆಳೆದಿದ್ದವು. ಪ್ರತಿ ಕ್ರಿಸ್‌ಮಸ್ಸಿಗೆ ಗಂಡಹೆಂಡಿರು ಕರ್ಜಿಕಾಯಿ, ಚಕ್ಕುಲಿ, ಕೇಕು, ಒಂದು ಬಾಟಲಿ ಉಪ್ಪಿನಕಾಯಿ ಹಿಡಿದುಕೊಂಡು ಬರುತ್ತಿದ್ದರು. ನನ್ನ ಹೆಂಡತಿ ಕರ್ಜಿಕಾಯಿಯನ್ನು ಒಳಗಿಡುತ್ತಿದ್ದಳು, ಉಪ್ಪಿನಕಾಯಿಯನ್ನು ಬಾಲ್ಕನಿಯಲ್ಲಿಟ್ಟು ಮರುದಿನ ಹಾಲಿನವನಿಗೆ ಕೊಟ್ಟುಬಿಡುತ್ತಿದ್ದಳು. ಅವನಿಗೆ ಇವತ್ತಿನವರೆಗೆ ಒಂದು ನೆಗಡಿಯೂ ಬಂದದ್ದು ನಾನು ಕಾಣೆ.

ನನಗೆ ಆ ಬಾಟಲಿ ಕಂಡರೆ ಕೆಂಪು ಲಾಡಿಯೇ ಕಾಣುತ್ತಿತ್ತು. ಅವರ ಜೊತೆ ಎಷ್ಟು ನಕ್ಕರೂ ಮನೆಗೆ ಬಂದಾಗ ಅದೊಂದು ಮುಳ್ಳು ಚುಚ್ಚುತ್ತಿತ್ತು.

ಕಳೆದ ವರ್ಷ ಮಗಳು ಪುಣೆಯಿಂದ ತನ್ನ ಮೂರು ತಿಂಗಳ ಕೂಸನ್ನು ಕರೆದುಕೊಂಡು ಬಂದಳು. "ಬಾಬಾ, ನಾಳೆ ಲಿಂಬೂ ಕಾಕಾ ಮನಿಗೆ ಹೋಗೋಣ. ನನ್ನ ಜಾನ್ ಉಳಿಸಿದ್ದು ಅವರೇ ತಾನೆ? ಬಾಳನ್ನ ಅವರ ಮಾಂಡಿ ಮ್ಯಾಲೆ ಹಾಕಬೇಕು ನಂಗೆ" ಅಂದಳು, ತನ್ನ ಮರಾಠಿ ಹಿಂದಿ ಕಲಸಿದ ಕನ್ನಡದಲ್ಲಿ. ನಾನು ಯಾರ ಮೇಲೆ ಸಾವು ಹೋಗಲಿ ಎಂದಿದ್ದೆನೋ ಅವರ ತೊಡೆಯ ಮೇಲೆ ನನ್ನ ಮೊಮ್ಮಗುವನ್ನು ಮಲಗಿಸುವುದು. ಹೇಳದೆ ಅದನ್ನು ನೋಡುತ್ತ ಕೂರುವುದು ನನ್ನಿಂದಾಗುತ್ತಿರಲಿಲ್ಲ.

ಅವತ್ತೇ ಆಫೀಸಿಗೆ ರಜೆ ಹಾಕಿ ಹನ್ನೊಂದು ಗಂಟೆಗೆ ಒಬ್ಬನೇ ಅವರ ಮನೆಗೆ ಹೋದೆ. ಎಪ್ಪತ್ತೆಂಟರ ಮನುಷ್ಯ, ಮೊಣಕಾಲು ಸೋತಿತ್ತು. ಅಂಗಳದಲ್ಲಿ ಖುರ್ಚಿ ಹಾಕಿಕೊಂಡು ಲಿಂಬೆ ಹೋಳು ಬಿಸಿಲಿಗೆ ಹರವುತ್ತಿದ್ದರು. ಕೂತವನೇ ಎಲ್ಲ ಹೇಳಿಬಿಟ್ಟೆ. ನಿವಾಳಿಸಿ ಇಟ್ಟದ್ದು ನಾನೆಂದು, ನೋಡುತ್ತ ನಿಂತಿದ್ದೆನೆಂದು.

"ಕೂಗಬೇಕಾಗಿತ್ರಿ. ಕೂಗಲಿಲ್ಲ. ನಿಮ್ಮ ಮ್ಯಾಲ ಹೋಗ್ಲಿ ಅಂದೆ. ಮೂರನೇ ದಿನಕ್ಕ ನೀವು ಬಿದ್ರಿ" ಅಂದೆ.

ಅವರು ನಗಲಿಲ್ಲ. ಕೈಯಲ್ಲಿದ್ದ ಹೋಳನ್ನು ತಟ್ಟೆಯಲ್ಲಿಟ್ಟು ಕೈ ಒರೆಸಿಕೊಂಡರು.

"ನಿಮ್ಮ ಬಾಲ್ಕನಿ ಬಾಗಲದ ಪರದೆ ಗೇಣುದ್ದ ಗಿಡ್ಡ ಇತ್ತು" ಅಂದರು. "ಹಸಿರು ಪಟ್ಟಿ ಪೈಜಾಮ ಹಾಕಿದ್ರಿ. ಎರಡೂ ಕಾಲು ಛಂದಂಗ ಕಾಣ್ತಿದ್ವು."

ನಾನು ತಲೆಯೆತ್ತಿ ಅವರ ಮುಖ ನೋಡಿದೆ.

"ಮತ್ತ ಆ ಲಾಡಿ. ಸರ್ಕಾರಿ ಲಾಡಿ ಖಾಸಗಿ ಕೆಲಸಕ್ಕ ಬಳಸಂಗಿಲ್ರಿ. ಅದಕ್ಕೊಂದು ಮೆಮೊ ಕೊಡಬೇಕಾಗಿತ್ತು, ನಾ ಕೊಡ್ಲಿಲ್ಲ."

"ಗೊತ್ತಿತ್ತೇನ್ರಿ ನಿಮಗ? ಗೊತ್ತಿದ್ದೂ ಎತ್ತಿಕೊಂಡ್ರಿ?"

"ಗೊತ್ತಿದ್ದಕ್ಕೇ ಎತ್ತಿಕೊಂಡೆ. ನೋಡ್ರಿ, ಅದು ಅಲ್ಲೇ ಬಿದ್ದಿದ್ರ ನೀವು ಇಡೀ ದಿನ ಪರದೆ ಹಿಂದೇ ನಿಂತಿರ್ತಿದ್ರಿ. ಕೂಸಿಗೆ ಡಾಕ್ಟ್ರು ಯಾರು ತೋರಸ್ತಿದ್ರು?" ಆಮೇಲೆ ಮುಂದಕ್ಕೆ ಬಾಗಿ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟರು. "ನಾ ಏನೂ ಹೊತ್ತಿಲ್ರಿ. ಅಷ್ಟು ದೊಡ್ಡಾಂವ ನಾನಲ್ಲ. ಹೊತ್ತವ ಬ್ಯಾರೆ ಹಾನ, ಎಂದೋ ಹೊತ್ತು ಮುಗಿಸ್ಯಾನ. ನೀವು ಇಟ್ಟ ಲಿಂಬಿಹಣ್ಣು ಇಡೋಕಿಂತ ಮೊದಲೇ ಖಾಲಿ ಇತ್ತು. ಖಾಲಿ ಲಿಂಬಿಹಣ್ಣು ಎತ್ತಿಕೊಳ್ಳಾಕ ಏನು ಧೈರ್ಯ ಬೇಕು? ಅಪೆಂಡಿಕ್ಸ್ ಅಂತೂ ನಂದೇ, ಹುಟ್ಟಿದಾಗಿಂದ ನನ್ನ ಹೊಟ್ಟ್ಯಾಗೇ ಇತ್ತು."

ನನಗೆ ಅಳು ತಡೆಯಲಾಗಲಿಲ್ಲ. ಐವತ್ತೇಳರ ಗಂಡಸು, ಲಿಂಬೆ ಹೋಳಿನ ನಡುವೆ ಕೂತು, ಬಿಕ್ಕಿಬಿಕ್ಕಿ ಅತ್ತೆ.

"ಇಪ್ಪತ್ತೈದು ವರ್ಷ ನಿಮಗ ನೀವೇ ಮೆಮೊ ಕೊಟ್ಕೋತ ಬಂದೀರಿ ಅಂದಂಗಾಯ್ತು" ಅಂದರು ಮೆಲ್ಲಗೆ. "ಉತ್ತರಾ ಬರದ್ರಿ, ಸಮಾಧಾನಕರ ಇಲ್ಲ ಅಂದ್ರಿ. ನನಗ ಕೇಳಿದ್ರ ಹೇಳ್ತಿದ್ದೆ, ಆ ಫೈಲ್ ಎಂದೋ ಮುಚ್ಯಾದ ಅಂತ." ಈಗ ಕೈ ನೆತ್ತಿಗೆ ಹೋಯಿತು. ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು. "ಏ, ಆ ಸಣ್ಣ ಭರಣಿ ತಗೊಂಡ್ ಬಾ."

ಅಂಗೈಯಲ್ಲಿ ಹಿಡಿಸುವಷ್ಟು ಭರಣಿ. ಬಾಯಿಗೆ ಕಟ್ಟಿದ್ದು ಅದೇ ಕೆಂಪು ಲಾಡಿ, ಬಣ್ಣ ಹೋಗಿ ಇಟ್ಟಿಗೆಯಂತಾಗಿತ್ತು. ಚೀಟಿಯ ಮೇಲೆ ಎರಡು ಮಾತು: 'ಕಲಬುರ್ಗಿಯವರ ಕೂಸು. ಜ್ವರ ಇಳೀತು.' ಒಳಗೆ ಇಪ್ಪತ್ತೈದು ವರ್ಷದ ಲಿಂಬೆ, ಕಾಡಿಗೆಯಂತೆ ಕಪ್ಪಾಗಿತ್ತು. ನಾಲ್ಕು ಹೋಳಿನಲ್ಲಿ ಎರಡು ಉಳಿದಿದ್ದವು. ಆಸ್ಪತ್ರೆಯಿಂದ ಬಂದ ಮೇಲೆ ಗಂಜಿಯ ಜೊತೆ ಅವರೊಂದು, ಅವರ ಹೆಂಡತಿಯೊಂದು ತಿಂದಿದ್ದರಂತೆ.

"ತಿನ್ನಿ. ಹಳೇದಾದಷ್ಟು ಹೊಟ್ಟಿಗೆ ಛಲೋ" ಅಂದರು.

ಕೈಗೆ ತೆಗೆದುಕೊಂಡೆ. ಸುಳ್ಳು ಯಾಕೆ ಹೇಳಲಿ, ಆ ವಯಸ್ಸಿನಲ್ಲೂ, ಅಷ್ಟೆಲ್ಲ ಕೇಳಿದ ಮೇಲೂ, ಹೋಳನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು, ಅವಸರ ಮಾಡಲಿಲ್ಲ. ಬಾಯಿಗೆ ಹಾಕಿಕೊಂಡೆ. ಹುಳಿ, ಉಪ್ಪು, ಒಂಚೂರು ಮೆಂತ್ಯದ ವಾಸನೆ. ಮತ್ತೇನೂ ಇರಲಿಲ್ಲ.

ಮರುದಿನ ಮೊಮ್ಮಗು ಅವರ ತೊಡೆಯ ಮೇಲೆ ಮಲಗಿ ಅವರ ಬಿಳಿ ಅಂಗಿಯನ್ನು ಒದ್ದೆ ಮಾಡಿತು. ಇದಕ್ಕೆ ಯಾವ ನಿಯಮ ಅನ್ವಯಿಸುತ್ತದೆಂದು ಅವರು ಗಂಭೀರವಾಗಿ ಯೋಚಿಸಿದರು. ನಾನು ಇಡೀ ಸಂಜೆ ಮನಸಾರೆ ನಕ್ಕೆ. ಇವತ್ತಿಗೂ ನಾನು ಹಣೆಗೆ ವಿಭೂತಿ ಹಚ್ಚುವವನೇ, ಸೋಮವಾರ ಹಿಡಿಯುವವನೇ. ಆದರೆ ಅವತ್ತಿನಿಂದ ಹೆದರಿ ಹಿಡಿಯುವುದಿಲ್ಲ. ತಪ್ಪಿದರೆ ದೇವರು ಬೆರಳು ತೋರಿಸುತ್ತಾನೆಂದು ಅನ್ನಿಸುವುದೂ ಇಲ್ಲ.

ಎಂಟು ತಿಂಗಳ ಮೇಲೆ ಅವರು ಹೋದರು, ನಿದ್ದೆಯಲ್ಲೇ.

ಮಣ್ಣು ಮುಗಿಸಿ, ಭರಣಿ ಹಿಡಿದುಕೊಂಡು ಮನೆಗೆ ಬಂದೆ. ಸ್ನಾನ ಮಾಡಿ ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲ ಹೇಳಿದೆ. ಪರದೆ, ಲಾಡಿ, ಪೈಜಾಮ, ಏನನ್ನೂ ಬಿಡದೆ. ಅವಳು ಬಡಿಸುವ ಚಮಚ ಹಿಡಿದುಕೊಂಡೇ ನಿಂತು ಕೇಳಿದಳು. ಭರಣಿಯ ಚೀಟಿಯನ್ನು ಎರಡು ಸಲ ಓದಿದಳು. ಇನ್ನು ಅದು ಬಾಲ್ಕನಿಗೆ ಹೋಗುತ್ತದೆ ಎಂದುಕೊಂಡೆ. ಅವಳು ಲಾಡಿ ಬಿಚ್ಚಿ, ಮಡಚಿ, ದೇವರ ಗೂಡಿನಲ್ಲಿಟ್ಟಳು. ಉಳಿದಿದ್ದ ಒಂದೇ ಹೋಳನ್ನು ತೆಗೆದು ಎರಡು ಮಾಡಿದಳು. ಅರ್ಧ ನನ್ನ ತಾಟಿಗೆ ಹಾಕಿ, ಅರ್ಧ ತನ್ನ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಚಪ್ಪರಿಸಿದಳು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

"ಉಪ್ಪು ಒಂಚೂರು ಹೆಚ್ಚಾಗ್ಯಾದ್ರಿ" ಅಂದಳು.